ಅರ್ಧ ಪುಟ

ಕೊನೆಯಲ್ಲಿ ಅರ್ಧ ಪುಟ ಖಾಲಿ ಉಳಿದಿದೆ, ಅಂದರು ಪ್ರಕಾಶಕರು,
ಯಾರದಾದರೂ ಋಣವಿದ್ದರೆ ಬರೆದುಕೊಡಿ, ಸೋಮವಾರದೊಳಗೆ.

ಅರ್ಧ ಪುಟ.
ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಚೀಟಿ
ಅದಕ್ಕಿಂತ ಚಿಕ್ಕದು. ಅಲ್ಲಿಂದಲೇ ಶುರುಮಾಡುತ್ತೇನೆ.

ಅಪ್ಪ ತೂಕದ ಗುಮಾಸ್ತ. ಹರಾಜು ಮುಗಿಸಿ ಬಂದರೆ
ಜೇಬಿನಲ್ಲಿ ರದ್ದಾದ ಚೀಟಿ, ಮೈಯಲ್ಲಿ ಹುಳದ ವಾಸನೆ.
ಚೀಟಿಯ ಮುಂದೆ ಲಾಟ್ ನಂಬರು, ತೂಕ, ಕೇಜಿಗೆ ಇಷ್ಟು;
ಹಿಂದೆ ಏನೂ ಇಲ್ಲ.
ಆ ಏನೂ ಇಲ್ಲ ನನ್ನದು.
ಎಂಥ ತೆಳು ಕಾಗದವೆಂದರೆ
ನಾನು ಬರೆದ ಚಂದ್ರನ ಬೆನ್ನಲ್ಲಿ
ನೂರಾ ಹದಿನೆಂಟು ರೂಪಾಯಿ ಮೂಡಿ ಕಾಣುತ್ತಿತ್ತು.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ದಖನಿ,
ಸ್ಲೇಟಿನ ಮೇಲೆ ಮಾತ್ರ ಕನ್ನಡ.
ಅಜ್ಜಿಯ ಮೇಲೆ ಬರೆದದ್ದನ್ನು ಅಜ್ಜಿಗೇ ಓದಿದೆ.
ಬಾಗುಂದಿ, ಅಂದಳು,
ಬಾಯಿಗೆ ಎಲೆಯಡಿಕೆ ಹಾಕಿಕೊಂಡಳು. ಇನ್ನೊಂದು ಸಲ ಓದು ಅನ್ನಲಿಲ್ಲ.

ಏಳನೇ ಕ್ಲಾಸಿನಲ್ಲಿ ಅಶ್ವತ್ಥಪ್ಪ ಮೇಷ್ಟ್ರು
'ಕಡಲಿನ ಮೊರೆತ'ದ ಕೆಳಗೆ ಕೆಂಪು ಗೀಟೆಳೆದು
ಪಕ್ಕದಲ್ಲಿ ಬರೆದರು: ಕೇಳಿದ್ದೀಯಾ?
ಇಲ್ಲ ಸಾರ್.
ಮತ್ತೆ ನಿಮ್ಮ ಬೀದೀಲಿ ಏನು ಮೊರೆಯುತ್ತೆ?
ನಮ್ಮ ಬೀದಿಯಲ್ಲಿ ಬಾಣಲೆ ಕುದಿಯುತ್ತಿತ್ತು,
ರಾಟೆ ತಿರುಗುತ್ತಿತ್ತು, ಜುಬೇದಾಬಿಯ ಬೆರಳು
ಬಿಸಿನೀರಲ್ಲಿ ಬೆಂದು, ಬೆಳ್ಳಗೆ ಮುದುಡಿ,
ಗೂಡಿನ ಮೈಮೇಲೆ ಎಳೆಯ ತುದಿ ಹುಡುಕುತ್ತಿತ್ತು.
ಇಷ್ಟು ಬರೆಯಲು ನನಗೆ ಹದಿನೈದು ವರ್ಷ ಬೇಕಾಯಿತು.
ಅಷ್ಟರಲ್ಲಿ ಜುಬೇದಾಬಿ ಇರಲಿಲ್ಲ.

ಮದುವೆಯಾಗಿ ಚಿಂತಾಮಣಿ. ಕೂಡು ಮನೆ, ಒಂಬತ್ತು ತಟ್ಟೆ.
ವಾರಗಿತ್ತಿ ಮುನಿಲಕ್ಷ್ಮಿ ನನಗೊಂದು ಸುಳ್ಳು ಹುಡುಕಿಕೊಟ್ಟಳು:
ಅಕ್ಕಂಗೆ ತಲೆನೋವಂತೆ.
ಗುರುವಾರ ಗುರುವಾರ ತಲೆನೋವು, ಆರು ವರ್ಷ.
ಬಾಗಿಲು ಮುಚ್ಚಿಕೊಂಡು ನಾನು, ನನ್ನ ಪಾಲಿನ ಮುದ್ದೆಯನ್ನೂ ತಿರುವುತ್ತ ಅವಳು.
ನಡುವೆ ಅತ್ತೆ ಶುಂಠಿ ತೇಯ್ದು ತಂದು ಹಣೆಗೆ ಬಳಿದು ಹೋಗುತ್ತಿದ್ದರು.
ಮೊದಲ ಪುಸ್ತಕ ಪೂರಾ ಹಣೆ ಉರಿಯುತ್ತ ಬರೆದದ್ದು.
ಅದು ಅಚ್ಚಾಗಿ ಬಂದ ದಿನ ಅತ್ತೆ ಹಿಂದೆ ಮುಂದೆ ತಿರುಗಿಸಿ ನೋಡಿ
ಕೇಳಿದ್ದು ಇಷ್ಟೇ:
ಈಗ ಹೆಂಗಿದೆ ತಲೆನೋವು?

ಇನ್ನು ಆ ಟೈಪ್‌ರೈಟರು.
ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಮುನ್ನೂರಕ್ಕೆ ಕೊಂಡದ್ದು.
ಎರಡೇ ತಿಂಗಳಿಗೆ ಳ ಮುರಿಯಿತು.
ನನಗೂ ಹಟ, ಪೆನ್ನಿನಲ್ಲಿ ತುಂಬುವುದಿಲ್ಲ ಅಂತ.
ಆ ವರ್ಷ ನಾನು ಬರೆದದ್ದರಲ್ಲಿ ಮಳೆ ಬರಲಿಲ್ಲ.
ನಾಳೆ ಇಲ್ಲ, ಬೆಳಕಿಲ್ಲ, ಗೆಳತಿ ಇಲ್ಲ.
ಬಹುವಚನವೇ ಹೋಯಿತು. ಒಂದು ಮರ, ಒಂದು ಹಕ್ಕಿ,
ಸಂತೆಯಲ್ಲೂ ಒಂದೇ ಕುರಿ.
ಅವಳು ಅನ್ನಲಾಗದೆ ಅಮ್ಮನನ್ನು ಆಕೆ ಅಂದೆ,
ಹುಟ್ಟಿದ ಮೇಲೆ ಮೊದಲ ಸಲ ಮರ್ಯಾದೆ ಕೊಟ್ಟ ಹಾಗೆ.
ವಿಮರ್ಶಕರೊಬ್ಬರು ಮೆಚ್ಚಿ ಬರೆದರು: ಬಯಲುಸೀಮೆಯ ಬರ,
ಒಂಟಿತನ, ಅಪರೂಪದ ಸಂಯಮ.
ಸುಮ್ಮನಿದ್ದೆ.

ಕೊನೆಗೆ ಗೌಸ್‌ಪೀರ್ ಸಾಬರು, ಬಸ್ ಸ್ಟ್ಯಾಂಡಿನ ಹಿಂದೆ.
ಸ್ಟವ್ವು, ತಕ್ಕಡಿ, ಹೊಲಿಗೆ ಮಿಷನ್ನು ರಿಪೇರಿ.
ಕನ್ನಡ ಓದಲು ಬಾರದು.
ಚೀಟಿಯಲ್ಲಿ ನಾನು ಬರೆದುಕೊಟ್ಟದ್ದನ್ನೇ ನೋಡಿಕೊಂಡು
ಹಿತ್ತಾಳೆ ಚೂರಿನಲ್ಲಿ ಎಡಬಲ ತಿರುವಿ ಕೆತ್ತಿ, ಬೆಸೆದು,
ಕನ್ನಡಕ ಹಣೆಗೇರಿಸಿ ಬೆರಳಲ್ಲಿ ತಡವಿ
ಕೇಳಿದರು, ಇದರ ಹೆಸರೇನಮ್ಮ?
ಳ, ಅಂದೆ.
ಲ, ಅಂದರು.
ಲ ಅಲ್ಲ ಸಾಬರೇ, ನಾಲಿಗೆ ಹಿಂದಕ್ಕೆ ಮಡಚಿ, ಳ.
ಮಡಚಿದರು. ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಹುಡುಗನೂ ಮಡಚಿದ.
ಹನ್ನೆರಡು ರೂಪಾಯಿ ತಗೊಂಡರು.

ಅವತ್ತಿಂದ ನನ್ನ ಳ
ಸಾಲಿಗಿಂತ ಕೂದಲಷ್ಟು ಮೇಲೆ ಬೀಳುತ್ತದೆ.
ಅಚ್ಚಿನಲ್ಲಿ ನೀವು ಎಲ್ಲ ಸಮ ಮಾಡುತ್ತೀರಿ, ಗೊತ್ತು.
ಅರ್ಧ ಪುಟ ದಾಟಿತು, ಅದೂ ಗೊತ್ತು.
ಎಲ್ಲಿ ಬೇಕಾದರೂ ಕತ್ತರಿಸಿ, ಮುದ್ದೆಯ ಸಾಲೊಂದು ಬಿಟ್ಟು.
ಮುನಿಲಕ್ಷ್ಮಿಗೆ ಈಗ ನಿಜವಾದ ತಲೆನೋವು, ಸಂಜೆಯಾದರೆ ಕಣ್ಣು ಬಿಡಲಾರಳು.
ಶುಂಠಿ ತೇಯಬೇಕು.
ಏಳುತ್ತೇನೆ.